ಜಯಮ್ಮನವರ ವಠಾರದಿಂದ ಬಂದ ಮಿಸ್ಡ್ ಕಾಲ್‌ಗಳು

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದೇನೆ ಎಂಬುದು ನಿವೃತ್ತನಾಗುವವರೆಗೂ ನಮ್ಮ ಬೀಗರಿಗೆ ಅರ್ಥವಾಗಲಿಲ್ಲ. ಮದುವೆ ಮನೆಗಳಲ್ಲಿ "ಇವರು ಸೆನ್ಸಸ್‌ನೋರು" ಎಂದು ಪರಿಚಯಿಸಿ ಊಟದ ಪಂಕ್ತಿಯ ಕಡೆ ತಳ್ಳಿಬಿಡುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಸೆನ್ಸಸ್‌ನವರು ಮನೆಗೆ ಹೋಗಿ ಜನರನ್ನು ಎಣಿಸುತ್ತಾರೆ. ನಾವು ಮನೆಗೆ ಹೋಗಿ ಅನುಮಾನಪಡುತ್ತೇವೆ. ಯಾವುದಾದರೂ ಸಂಸ್ಥೆ ತಾನು ಜನರಿಗೆ ಒಳ್ಳೆಯದು ಮಾಡಿದೆ ಎಂದರೆ, ನಿಜಕ್ಕೂ ಒಳ್ಳೆಯದಾಯಿತೇ, ಈ ಸಂಸ್ಥೆ ಇಲ್ಲದಿದ್ದರೂ ಆಗುತ್ತಿತ್ತೇ ಎಂದು ಪತ್ತೆ ಹಚ್ಚುವುದು ನಮ್ಮ ಕಸುಬು. ಪರಿಣಾಮ ಮೌಲ್ಯಮಾಪನ ಎಂಬುದು ಅದರ ಗಂಭೀರ ಹೆಸರು. ಕೆಲವು ಬೀದಿಗಳಿಗೆ ಸೌಲಭ್ಯ ಮೊದಲು, ಉಳಿದವಕ್ಕೆ ಆಮೇಲೆ. ಯಾರಿಗೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಕೆಲವು ಕಾಲ ಕಳೆದ ಮೇಲೆ ಎರಡೂ ಕಡೆ ಅದದೇ ಪ್ರಶ್ನೆ ಕೇಳಿ ಹೋಲಿಸುತ್ತೇವೆ. ಇಷ್ಟೇ. ಇದಕ್ಕೆ ಡಾಕ್ಟರೇಟ್ ಬೇರೆ ಕೊಡುತ್ತಾರೆ. ನನಗೆ ಕೊಡಲಿಲ್ಲ. ನಾನು ಫೀಲ್ಡ್ ಮ್ಯಾನೇಜರ್, ಅಂದರೆ ಡಾಕ್ಟರೇಟ್ ಇದ್ದವರ ಪ್ರಶ್ನೆಗಳನ್ನು ಬಾಗಿಲು ಬಾಗಿಲಿಗೆ ಮುಟ್ಟಿಸುವ ಅಂಚೆಯವನು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ, "ಸರ್, ಕೊರೋನಾ ಟೈಮಲ್ಲಿ ಹೇಗೆ ಮ್ಯಾನೇಜ್ ಮಾಡಿದ್ರಿ?" ಎಂದು ಕೇಳುತ್ತಾರೆ. ತರಬೇತಿ ಪಾಠದಲ್ಲಿ ಅದಕ್ಕೆ ಒಂದು ಸಾಲಿನ ಉತ್ತರವಿದೆ: ಮುಖಾಮುಖಿ ಸಮೀಕ್ಷೆಯನ್ನು ದೂರವಾಣಿ ಸಮೀಕ್ಷೆಯಾಗಿ ಪರಿವರ್ತಿಸಲಾಯಿತು. ಆ "ಪರಿವರ್ತಿಸಲಾಯಿತು" ಎಂಬ ಪದದ ಹೊಟ್ಟೆಯೊಳಗೆ ಎಷ್ಟು ಗಲಾಟೆ ಇತ್ತೆಂದು ಹೇಳಲು ಕೂತಿದ್ದೇನೆ. ನನ್ನ ವೃತ್ತಿಯಲ್ಲಿ ಅಷ್ಟು ಉಮೇದಿನ ದಿನಗಳು ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಅದಕ್ಕೆ ಮುಂಚೆ ನಮ್ಮ ವಿಧಾನ ಕಣ್ಣಿನದು. ಯಲಹಂಕದ ಮನೆಯಿಂದ ಸ್ಕೂಟರ್ ಹತ್ತಿ, ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಆಯುಷ್ಯ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಉಳಿದರ್ಧ ಕಳೆದು ದಾಸರಹಳ್ಳಿ ತಲುಪುತ್ತಿದ್ದೆ. ನಮ್ಮ ಸಮೀಕ್ಷಕರು ಪ್ರಶ್ನೆ ಕೇಳುತ್ತಿರುವಾಗ ಹಿಂದೆ ನಿಂತು, ಬಾಗಿಲಲ್ಲಿರುವ ಚಪ್ಪಲಿ, ಒಲೆಯ ಮೇಲಿನ ಪಾತ್ರೆ, ಮೂಲೆಯಲ್ಲಿ ಮಲಗಿದ ಮಗು ಎಲ್ಲ ನೋಡಿಕೊಳ್ಳುತ್ತಿದ್ದೆ. ಬಾಯಿ ಒಂದು ಹೇಳಿ ಮನೆ ಇನ್ನೊಂದು ಹೇಳಿದರೆ, ಮೆತ್ತಗೆ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿಸುತ್ತಿದ್ದೆ. ಫೋನಿನಲ್ಲಿ ಚಪ್ಪಲಿ ಕಾಣುವುದಿಲ್ಲ.

ಲಾಕ್‌ಡೌನ್ ಬಂದಾಗ ಮೊದಲು ನಾವು ಪ್ರಯೋಗಕ್ಕೆಂದು ಒಂದಷ್ಟು ಜನಕ್ಕೆ ಫೋನ್ ಮಾಡಿದೆವು. ಆರ್.ಟಿ. ನಗರದ ನಸ್ರೀನ್ ನಮ್ಮ ಸಮೀಕ್ಷಕರಲ್ಲಿ ಚುರುಕು. ಆದರೆ ಮನೆಯೊಳಗೆ ಅವಳಿಗೆ ನಿಶ್ಶಬ್ದ ಜಾಗ ಸಿಗಲಿಲ್ಲ. "ಕಳೆದ ವಾರ ಎಷ್ಟು ದಿನ ಬೇಳೆ ಮಾಡಿದ್ರಿ?" ಎಂದು ಫೋನಿನಲ್ಲಿ ಕೇಳಿದರೆ, ಅಡುಗೆಮನೆಯಿಂದ ಅವಳ ಅತ್ತೆ "ಏಕ್ ದಿನ್ ಭೀ ನೈ!" ಎಂದು, ಒಂದು ದಿನವೂ ಇಲ್ಲವೆಂಬ ತಮ್ಮ ಉತ್ತರ ದಾಖಲಿಸುತ್ತಿದ್ದರು. ಕೊನೆಗೆ ನಸ್ರೀನ್, ಓಡಾಟವಿಲ್ಲದೆ ಮನೆ ಮುಂದೆ ನಿಂತಿದ್ದ ಗಂಡನ ಆಟೋದ ಹಿಂದಿನ ಸೀಟಿನಲ್ಲಿ ಪರದೆ ಇಳಿಸಿಕೊಂಡು ಕಚೇರಿ ತೆರೆದಳು. ಮೊದಲ ಕರೆಯೇ ಹೀಗೆ:

"ಯಾವ ಬ್ಯಾಂಕಿಂದ?"

"ಬ್ಯಾಂಕಲ್ಲ ಅಣ್ಣಾ, ಸಂಶೋಧನೆ."

"ಅದೇ ಕಣಮ್ಮ, ಯಾವ ಬ್ಯಾಂಕಿನ ಸಂಶೋಧನೆ?"

"ಇಲ್ಲಣ್ಣ, ನಾವು ಓಟಿಪಿ ಎಲ್ಲ ಕೇಳಲ್ಲ."

"ನಮ್ ಬಾಮೈದಂಗೆ ನಾಮ ಹಾಕ್ದೋನೂ ಹಿಂಗೇ ಶುರು ಮಾಡಿದ್ದು. ಇಡಮ್ಮ ಫೋನು!"

ವಂಚಕರು ನಮ್ಮ ವಿನಯವನ್ನೂ ಕದ್ದಿದ್ದರು. ಕಡೆಗೆ, ಕರೆ ಮಾಡುವ ಹಿಂದಿನ ದಿನ, ಆಯಾ ಬೀದಿಯವರಿಗೆ ಪರಿಚಯವಿದ್ದ ಶಿಶುಕೇಂದ್ರದ ಟೀಚರ ದನಿಯಲ್ಲಿ ಒಂದು ಧ್ವನಿ ಸಂದೇಶ ಕಳಿಸಿದೆವು. ನನ್ನ ಸಂಸ್ಥೆಯ ಮುದ್ರೆ, ಸಹಿ, ಲೆಟರ್‌ಹೆಡ್ ಎಲ್ಲವನ್ನೂ ನಂಬದ ಜನ ಆ ಟೀಚರ ನೆಗಡಿ ಗಂಟಲನ್ನು ನಂಬಿದರು.

ಈಗ ಮುಖ್ಯ ವಿಷಯ. ಒಂದು ಟ್ರಸ್ಟು ಗಾರ್ಮೆಂಟ್ಸ್ ಕೆಲಸದ ತಾಯಂದಿರಿಗಾಗಿ ದಾಸರಹಳ್ಳಿಯಲ್ಲಿ ಶಿಶುಕೇಂದ್ರಗಳನ್ನು ನಡೆಸುತ್ತಿತ್ತು. ಲಾಕ್‌ಡೌನ್ ಸಡಿಲವಾಗಿ ಕಾರ್ಖಾನೆಗಳು ತೆರೆದವು. ಆದರೆ ಅಂಗನವಾಡಿ, ಶಾಲೆ, ಟ್ರಸ್ಟಿನ ದೊಡ್ಡ ಕೇಂದ್ರ ಯಾವುದೂ ತೆರೆಯುವಂತಿರಲಿಲ್ಲ. ತಾಯಿ ಹೊಲಿಗೆ ಯಂತ್ರದ ಮುಂದೆ ಕೂತರೆ ಮಗು ಎಲ್ಲಿ? ಟ್ರಸ್ಟಿನವರು "ಮನೆ ಕೇಂದ್ರ" ಎಂಬ ಉಪಾಯ ಹೂಡಿದರು: ಅದೇ ಬೀದಿಯ ಒಬ್ಬ ಹೆಂಗಸು ಒಂದು ಕೋಣೆಯಲ್ಲಿ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವುದು, ಆಕೆಗೆ ಟ್ರಸ್ಟಿನಿಂದ ಸಂಬಳ. ಚೀಟಿ ಎತ್ತಿ ಕೆಲವು ಬೀದಿಗಳಲ್ಲಿ ಶುರುವಾಯಿತು. ಹಣ ಕೊಡುವವರು ಖಡಾಖಂಡಿತ ಹೇಳಿದರು: ಇದರಿಂದ ತಾಯಂದಿರು ಕೆಲಸಕ್ಕೆ ಮರಳಿದ್ದಾರೆ ಎಂದು ತೋರಿಸಿದರೆ ಎಲ್ಲ ಬೀದಿಗೂ ಕೊಡುತ್ತೇವೆ, ಇಲ್ಲವಾದರೆ ತಿಂಗಳ ಕೊನೆಗೆ ಇರುವುದನ್ನೂ ನಿಲ್ಲಿಸುತ್ತೇವೆ. ತೋರಿಸುವ ಭಾರ ನಮ್ಮ ಮೇಲೆ.

ನಮ್ಮ ಸಂಶೋಧನೆಯ ಮುಖ್ಯಸ್ಥೆ ಡಾ. ಮಾಲತಿ. ನನ್ನ ಅರ್ಧ ವಯಸ್ಸು, ಎರಡರಷ್ಟು ಅವಸರ. ವಿಡಿಯೋ ಮೀಟಿಂಗಿನಲ್ಲಿ ಸಮಿತಿ ಕೂತು ನಿಯಮಗಳನ್ನು ಸಡಿಲಿಸಿತು. ತಾಯಿಯೇ ಫೋನಿಗೆ ಸಿಗದಿದ್ದರೆ, ಕುಟುಂಬದ ವಿಷಯ ಬಲ್ಲ ಬೇರೆಯವರೂ ಉತ್ತರಿಸಬಹುದು ಎಂಬುದು ಅದರಲ್ಲೊಂದು. ತೆರೆಯ ಮೇಲಿನ ಎಲ್ಲ ತಲೆಗಳೂ ಆಡಿದವು. ಒಂದು ತಲೆ ನೆಟ್‌ವರ್ಕ್ ಇಲ್ಲದೆ ನಿಂತಲ್ಲೇ ನಿಂತಿತ್ತು. ಅದನ್ನೂ ಒಪ್ಪಿಗೆ ಎಂದೇ ಭಾವಿಸಲಾಯಿತು.

ಕರೆಗಳು ಸರಸರನೆ ಮುಗಿದವು. ಹೋಲಿಸಿ ನೋಡಿದರೆ, ಮನೆ ಕೇಂದ್ರ ಇರುವ ಬೀದಿಗೂ ಇಲ್ಲದ ಬೀದಿಗೂ ಯಾವ ವ್ಯತ್ಯಾಸವೂ ಇಲ್ಲ! ಎರಡೂ ಕಡೆ ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದಾರೆ, ಎರಡೂ ಕಡೆ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ದಾಸರಹಳ್ಳಿಯಲ್ಲಿ ರಾಮರಾಜ್ಯ.

"ಝೀರೋ ಸರ್," ಎಂದರು ಮಾಲತಿ. "ಎಫೆಕ್ಟೇ ಇಲ್ಲ. ಇದನ್ನ ಕೊಟ್ರೆ ಕೇಂದ್ರಗಳು ಮುಚ್ಚಿಹೋಗ್ತವೆ."

"ನಿಜವಾಗ್ಲೂ ಎಫೆಕ್ಟ್ ಇಲ್ಲದಿದ್ರೆ ಕೊಡಲೇಬೇಕಲ್ಲ ಮೇಡಂ?"

"ಕೊಡಲೇಬೇಕು. ಅದಕ್ಕೇ ಕೇಳ್ತಿದೀನಿ, ನಿಜಾನಾ ಇದು?"

ಒಪ್ಪಿದವರ ಕರೆಗಳನ್ನು ತಪಾಸಣೆಗೆಂದು ರೆಕಾರ್ಡ್ ಮಾಡಿಕೊಂಡಿದ್ದೆವು. ನಾನು ಮನೆಯ ಮಹಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಶೋಭಾ ಎಂಬಾಕೆಯ ಕರೆ ಕೇಳಿದೆ, ಲಕ್ಷ್ಮಿ ಎಂಬಾಕೆಯದು ಕೇಳಿದೆ. ಕರೆ ಮಾಡಿದ ಸಮೀಕ್ಷಕರು ಬೇರೆ ಬೇರೆ. ಆದರೆ ಉತ್ತರ ಕೊಡುತ್ತಿದ್ದ ದನಿ ಒಂದೇ, ಹಿಂದೆ ಗುರುಗುಟ್ಟುತ್ತಿದ್ದ ನೀರಿನ ಮೋಟಾರೂ ಒಂದೇ. ರೇಣುಕಾ ಎಂಬಾಕೆಯ ಸರದಿ ಬಂತು.

"ರೇಣುಕಾ ಅವರು ಈಗ ಕೆಲಸಕ್ಕೆ ಹೋಗ್ತಿದಾರಾ?"

"ಓಗ್ತಾಳಪ್ಪ. ಬೆಳಿಗ್ಗೆ ಓದ್ರೆ ಸಂಜೆ ಬರ್ತಾಳೆ. ನಮ್ ವಠಾರದಾಗೆ ಸುಮ್ಕೆ ಕೂತೋರು ಯಾರವ್ರೆ? ಬರ್ಕೊ."

ಅಷ್ಟರಲ್ಲಿ ದೂರದಿಂದ ಇನ್ನೊಂದು ಹೆಣ್ಣು ದನಿ: "ನಾ ಎಲ್ಲಿ ಹೋಗಾಕತ್ತೀನ್ರೀ ಅಮ್ಮಾರ? ಮನ್ಯಾಗ ಅದೀನಲ್ರಿ!"

"ಏ, ನೀ ಸುಮ್ಕಿರು. ಫೋನಾಗೆ ಮಾತಾಡ್ತಾ ಇವ್ನಿ."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ! ಹೆಡ್‌ಫೋನಿನ ವೈರು ಅಷ್ಟು ಉದ್ದವಿಲ್ಲದ್ದರಿಂದ ಲ್ಯಾಪ್‌ಟಾಪೂ ನನ್ನ ಜೊತೆ ಏಳಲು ಯತ್ನಿಸಿತು. ಕೆಳಗಿನಿಂದ ಹೆಂಡತಿ "ಏನಾಯ್ತು?" ಎಂದು ಕೂಗಿದಳು. "ರೇಣುಕಾ ಮನೇಲೇ ಇದಾಳೆ!" ಎಂದು ಕೂಗಿದೆ. ಒಬ್ಬ ಗೃಹಸ್ಥ ಕೂಗಬಾರದ ಮಾತು ಅದು ಎಂದು ಆಮೇಲೆ ತಿಳಿಯಿತು. ವಿವರಣೆಗೆ ಸಾಕಷ್ಟು ಹೊತ್ತು ಹಿಡಿಯಿತು.

ಆದದ್ದು ಹೀಗೆ. ಲಾಕ್‌ಡೌನಿಗೆ ಮುಂಚಿನ ಮೊದಲ ಭೇಟಿಯಲ್ಲಿ ನಾವು ಎಲ್ಲರ ಬಳಿ ಕೇಳಿದ್ದು "ಬದಲಾಗದ ನಂಬರ್." ಬಾಡಿಗೆ ಮನೆಗಳಲ್ಲಿ ಸಿಮ್ ಎಂಬುದು ಆಫರ್ ಬಂದಂತೆ ಬದಲಾಗುತ್ತದೆ. ಬದಲಾಗದೆ ಇರುವುದು ಓನರಮ್ಮನ ನಂಬರ್ ಮಾತ್ರ. ಹೀಗಾಗಿ ವಠಾರಕ್ಕೆ ವಠಾರವೇ ಓನರಮ್ಮನ ನಂಬರ್ ಕೊಟ್ಟಿತ್ತು. ಮುಖಾಮುಖಿ ಹೋಗುವವರೆಗೆ ಅದರಿಂದ ತೊಂದರೆ ಇರಲಿಲ್ಲ. ಈಗ ಆ ನಂಬರಿಗೇ ಫೋನ್ ಮಾಡಿ, ವಿಷಯ ಬಲ್ಲವರು ಯಾರಾದರೂ ಉತ್ತರಿಸಿ ಎಂದರೆ? ವಠಾರದ ವಿಷಯ ಓನರಮ್ಮನಿಗಿಂತ ಚೆನ್ನಾಗಿ ಬಲ್ಲೆ ಎನ್ನುವ ಧೈರ್ಯ ಯಾರಿಗಿದೆ? ಎರಡೂ ಬಗೆಯ ಬೀದಿಗಳಲ್ಲಿ ಇದೇ ಕಥೆ. ನಾವು ತಾಯಂದಿರ ಸಮೀಕ್ಷೆ ಎಂದುಕೊಂಡು ದಾಸರಹಳ್ಳಿಯ ಮನೆ ಮಾಲೀಕರ ಸ್ವಾಭಿಮಾನವನ್ನು ಅಳೆದಿದ್ದೆವು. ಅದು ಎಲ್ಲ ಬೀದಿಯಲ್ಲೂ ಸಮನಾಗಿತ್ತು.

ಆ ದನಿಯ ಒಡತಿ ಜಯಮ್ಮ. ನಾನೇ ಫೋನ್ ಮಾಡಿದೆ.

"ಇನ್ನೂ ಮುಗೀಲಿಲ್ವಾ ನಿಮ್ದು? ಎಲ್ಲಾರ್ದೂ ನಾನೇ ಏಳಿದೀನಲ್ಲ."

"ಅದೇ ತೊಂದರೆ ಆಗಿದೆ ಅಮ್ಮಾ. ಅವರವರದು ಅವರವರೇ ಹೇಳಬೇಕು."

"ಯಾಕೆ, ನಾನು ಸುಳ್ ಏಳಿದ್ನಾ? ನೋಡಿ ಸ್ವಾಮಿ, ಬಾಡ್ಗೆ ಮನೇವ್ರು ಉಪ್ವಾಸ ಅವ್ರೆ ಅಂತ ನೀವು ಬರ್ಕೊಂಡೋಗಿ, ನಾಳೆ ಟೀವಿಯೋರು ಮೈಕ್ ಇಡ್ಕೊಂಡು ಗೇಟ್ ತಾವ ನಿಂತ್ರೆ ಮರ್ವಾದೆ ಓಗೋದು ಯಾರ್ದು? ಅರ್ಧ ಬಾಡ್ಗೆ ಬಿಟ್ಟಿವ್ನಿ ಗೊತ್ತಾ?"

ಈ ಕೊನೆಯ ಮಾತಿನಲ್ಲಿ ನಿಜವಿತ್ತು, ನೋವೂ ಇತ್ತು. ಆಕೆಯನ್ನು ಬದಿಗೆ ಸರಿಸಿ ಆ ವಠಾರದೊಳಗೆ ಹೋಗುವ ದಾರಿಯೇ ಇಲ್ಲ ಎಂದು ನನಗೆ ಹೊಳೆಯಿತು. ಎಲ್ಲ ಗಾಂಭೀರ್ಯವನ್ನೂ ಗಂಟಲಿಗೆ ತಂದುಕೊಂಡು ಹೇಳಿದೆ:

"ಅಮ್ಮಾ, ಮನೆ ಮಾಲೀಕರದೇ ಒಂದು ಪ್ರತ್ಯೇಕ ಸಮೀಕ್ಷೆ ಮಾಡೋಣ ಅಂತಿದೀವಿ. ಬಾಡಿಗೆ ಎಷ್ಟು ಬಿಟ್ಟಿರಿ, ಎಷ್ಟು ರೂಮು ಖಾಲಿ, ಯಾರು ಊರಿಗೆ ಹೋದ್ರು, ಎಲ್ಲ ನಿಮ್ಮಂಥೋರ ಬಾಯಿಂದಲೇ ಬರಬೇಕು."

ಅತ್ತ ಕಡೆ ಮೋಟಾರು ಆಫ್ ಆದ ಸದ್ದು.

"ನಮ್ಮನ್ನ ಬ್ಯಾರೆಯಾಗಿ ಕೇಳ್ತೀರಾ?"

"ನೀವೇ ಮೊದಲನೆಯವರು."

"ಇಂಗಂತ ಮೊದ್ಲೇ ಏಳ್ಬಾರ್ದಾ ಸ್ವಾಮಿ! ಒಸಿ ಇರಿ, ಕೂತ್ಕೊಂಡ್ ಮಾತಾಡ್ತೀನಿ."

ಹುಡುಗರೇ, ಇದನ್ನು ತಂತ್ರ ಎಂದುಕೊಳ್ಳಬೇಡಿ. ಆ ಮಾಲೀಕರ ಸಮೀಕ್ಷೆಯನ್ನು ನಿಜಕ್ಕೂ ಮಾಡಿದೆವು. ಬೀಗ ಬಿದ್ದ ಕೋಣೆಗಳ ಮಾಹಿತಿಯಿಂದ ಯಾರು ಊರು ಬಿಟ್ಟರೆಂದು ತಿಳಿದು, ಮಾಲತಿಯವರ ಲೆಕ್ಕಾಚಾರದ ಒಂದು ದೊಡ್ಡ ತೂತು ಮುಚ್ಚಿತು. ಕೇಳಿಸಿಕೊಳ್ಳುತ್ತೇನೆಂದು ಯಾರಿಗಾದರೂ ಮಾತು ಕೊಟ್ಟರೆ ಕೇಳಿಸಿಕೊಳ್ಳಬೇಕು.

ಮುಂದಿನ ಉಪಾಯ ನಸ್ರೀನಳದು. "ಸರ್, ತಾಯಂದಿರ ಮನೆ ನಂಬರೇ ಹುಡುಕಿ ಫೋನ್ ಮಾಡಿದ್ರೂ ಗಂಡ ಎತ್ತುತಾನೆ, ಸ್ಪೀಕರ್‌ಗೆ ಹಾಕ್ತಾನೆ. ಅವರಿಗೆ ಯಾವಾಗ ಪುರುಸೊತ್ತೋ ಆವಾಗ ಅವರೇ ಒಂದು ಮಿಸ್ಡ್ ಕಾಲ್ ಕೊಡ್ಲಿ. ನಾವು ವಾಪಸ್ ಮಾಡೋಣ. ನಮ್ಮ ಅಮ್ಮಿ ಜೊತೆ ನಾನು ಹಂಗೇ ತಾನೇ ಮಾತಾಡೋದು?"

ಯಾವಾಗ ಪುರುಸೊತ್ತು ಎಂಬುದಕ್ಕೆ ಜಯಮ್ಮ ಉತ್ತರ ಕೊಟ್ಟರು. ಬೆಳಗಾಗುತ್ತಲೇ ಆಕೆ ಮೋಟಾರು ಹಾಕಿದಾಗ ಹೆಂಗಸರೆಲ್ಲ ಬಿಂದಿಗೆ ಹಿಡಿದು ತೊಟ್ಟಿಯ ಹತ್ತಿರ ಇರುತ್ತಾರೆ. ಗಂಡಸರು ಇನ್ನೂ ಎದ್ದಿರುವುದಿಲ್ಲ. ಆ ಹೊತ್ತಿಗೆ ಯಾವ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕೆಂದು ಟೀಚರ ಧ್ವನಿ ಸಂದೇಶದಲ್ಲೂ ಓನರಮ್ಮಂದಿರ ಬಾಯಲ್ಲೂ ಹೇಳಿಸಿದೆವು. ನಾವು ಪ್ರಶ್ನೆಗಳನ್ನೂ ಕತ್ತರಿಸಿ, ಹೌದು, ಇಲ್ಲ, ಒಂದು, ಎರಡು ಎಂಬಷ್ಟರಲ್ಲೇ ಉತ್ತರ ಮುಗಿಯುವಂತೆ ಮಾಡಿದೆವು. ಪಕ್ಕದಲ್ಲಿ ನಿಂತವರಿಗೆ ಏನು ಕೇಳಿದರೆಂದೇ ತಿಳಿಯಬಾರದು. ಎರಡೂ ಬಗೆಯ ಬೀದಿಗಳಿಗೆ ಒಂದೇ ನಿಯಮ. ಒಂದು ಕಡೆ ಮಾತ್ರ ವಿಧಾನ ಬದಲಿಸಿದರೆ ಅದು ಸಂಶೋಧನೆಯಲ್ಲ, ಚುನಾವಣೆ.

ಮೊದಲ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು, ಬರುತ್ತದೋ ಇಲ್ಲವೋ ಎಂದು ಫೋನನ್ನೇ ನೋಡುತ್ತ ಕೂತಿದ್ದೆ. ಒಂದು ಬಂತು. ಕಟ್ಟಾಯಿತು. ಇನ್ನೊಂದು. ಆಮೇಲೆ ಬಿಡುವಿಲ್ಲ! ಬೀದಿ ಬೀದಿಯ ತೊಟ್ಟಿಗಳಿಂದ ಮಿಸ್ಡ್ ಕಾಲ್‌ಗಳು ಮಳೆಗಾಲದ ಮೊದಲ ಹನಿಗಳಂತೆ ಪಟಪಟನೆ ಬಿದ್ದವು. ನಾನು ಯಶವಂತಪುರ ರೈಲು ನಿಲ್ದಾಣದ ಅನೌನ್ಸರ್‌ನಂತೆ ವಾಟ್ಸಾಪ್ ಗುಂಪಿನಲ್ಲಿ ಘೋಷಿಸುತ್ತ ಹೋದೆ: ಈ ನಂಬರ್ ನಸ್ರೀನ್ ಆಟೋಗೆ, ಈ ನಂಬರ್ ಸಮೀಕ್ಷಕ ಬಸವರಾಜನ ಟೆರೇಸಿಗೆ. ಕಾಫಿ ಆರಿತು. ಅದೇ ಹೆಂಗಸರು, ಅದೇ ಪ್ರಶ್ನೆಗಳು, ಉತ್ತರ ಮಾತ್ರ ಬೇರೆ ಲೋಕದ್ದು.

ರೇಣುಕಾಳದೂ ಬಂತು. ನಸ್ರೀನ್ ಕರೆ ಮಾಡಿದಳು. ತಪಾಸಣೆಗೆ ನಾನೂ ಲೈನಿನಲ್ಲಿದ್ದೆ. ಕೊಪ್ಪಳದ ಕಡೆಯ ಹೆಣ್ಣುಮಗಳು, ಗಂಡ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವವನು, ನಡೆಯಲು ಕಲಿತ ಮಗ ಪವನ್. ಹೌದು, ಇಲ್ಲ ಎಂದು ಉತ್ತರಿಸುತ್ತ ಬಂದವಳು ಕೊನೆಯಲ್ಲಿ ತಾನೇ ಕೇಳಿದಳು:

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಮಗೂನ ಬಾಜೂ ಮನಿ ಹುಡುಗಿ ಕಡೆ ಬಿಟ್ಟು ನಾಕ್ ದಿನ ಫ್ಯಾಕ್ಟ್ರಿಗೆ ಹೋದೆ. ಆಕಿನೂ ಊರಿಗೆ ಹೋದ್ಲು. ಒಂದನೇ ತಾರೀಕಿಗೆ ಬರದಿದ್ರ ನಿನ್ನ ಮಷಿನ್ ಬ್ಯಾರೇದವ್ರಿಗೆ ಕೊಡ್ತೀನಿ ಅಂದಾನ ಸೂಪರ್‌ವೈಜರ್. ಆ ಕಡೆ ಓಣ್ಯಾಗ ಮಕ್ಕಳ್ನ ನೋಡ್ಕೊಳ್ಳೋ ಮನಿ ಐತಂತಲ್ರಿ. ನಮ್ಮ ಪವನ್‌ಗ ಅಲ್ಲಿ ಜಾಗ ಕೊಡಸ್ರಿ."

ರೇಣುಕಾಳ ಬೀದಿ ಚೀಟಿಯಲ್ಲಿ "ಆಮೇಲೆ" ಎಂದು ಬಂದದ್ದು. ನಸ್ರೀನ್ "ನನ್ನ ಕೈಯಲ್ಲಿಲ್ಲ ಅಮ್ಮಾ, ಆದ್ರೆ ಹೇಳ್ತೀನಿ" ಎಂದು ಫೋನಿಟ್ಟಳು. ಕೂಡಲೇ ನನಗೆ ಮಾಡಿದಳು.

"ಸರ್, ಒಂದೇ ಮಗು. ಸೇರಿಸಿಬಿಡೋಣ."

"ಇವತ್ತು ರೇಣುಕಾ, ನಾಳೆ ಶೋಭಾ. ಆಮೇಲೆ ಹೋಲಿಸೋಕೆ ಏನೂ ಉಳಿಯಲ್ಲ ನಸ್ರೀನ್. ಹೋಲಿಸದಿದ್ರೆ ಎಲ್ಲರದೂ ಮುಚ್ಚುತ್ತೆ."

"ನಿಮ್ಮ ರೂಲ್ಸ್ ಬಂದು ಆ ಮಗೂನ ಎತ್ಕೊಳ್ಳುತ್ತಾ ಸರ್?"

ಮೇಲಧಿಕಾರಿಗಳನ್ನು ದೇವರು ಸೃಷ್ಟಿಸಿರುವುದೇ ಇಂಥ ಹೊತ್ತಿಗಾಗಿ ಎಂದುಕೊಂಡು ಮಾಲತಿಯವರಿಗೆ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಅಂದದ್ದು ಇಷ್ಟು: "ರೂಲ್ ಮುರಿಯೋದು ಬೇಡ, ಬೇಗ ಮುಗಿಸೋಣ. ಹಣ ಕೊಡೋರ ಮೀಟಿಂಗ್ ತಿಂಗಳ ಕೊನೆಗಿದೆ. ಅದನ್ನ ಇನ್ನೂ ಬೇಗ ಇಡಿಸ್ತೀನಿ."

ನನ್ನ ಇಡೀ ವೃತ್ತಿಯಲ್ಲಿ ಗಡುವನ್ನು ಮುಂದೂಡಿ ಎಂದು ಬೇಡಿದ ಸಂಶೋಧಕರನ್ನು ಮಾತ್ರ ಕಂಡಿದ್ದೆ. ಬೇಗ ಮಾಡಿ ಎಂದು ಬೇಡಿದವರು ಇವರೊಬ್ಬರೇ. ಹಣ ಕೊಡುವವರು ಗಾಬರಿಯಲ್ಲೇ ಒಪ್ಪಿದರಂತೆ.

ಆಮೇಲಿನ ದಿನಗಳು! ಬೆಳಿಗ್ಗೆ ಮಿಸ್ಡ್ ಕಾಲ್, ಮಧ್ಯಾಹ್ನ ತಪಾಸಣೆ, ಸಂಜೆಗೆ ಮಾಲತಿಯವರ ಕಂಪ್ಯೂಟರಿಗೆ. ಬಸವರಾಜನ ಗಂಟಲು ಕಟ್ಟಿ, ಅವನ ಕರೆಗಳನ್ನು ಉಳಿದವರು ಹಂಚಿಕೊಂಡರು. ಜಯಮ್ಮ ತಮ್ಮ ಪರಿಚಯದ ಇತರ ಓನರಮ್ಮಂದಿರಿಗೆ ತಾವೇ ಫೋನ್ ಮಾಡಿ, "ನಂದು ಆಯ್ತು, ನಿಮ್ದು ಇನ್ನೂ ಕೇಳಿಲ್ವಾ?" ಎಂದು ಉರಿಸಿದ್ದರಿಂದ, ನಮಗೆ ಮುಚ್ಚಿದ್ದ ಗೇಟುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಅರವತ್ತರ ಹತ್ತಿರದ ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ. ಮಂಡಿಯೂ ಸಹಕರಿಸಿತು.

ಮೀಟಿಂಗಿನಲ್ಲಿ ಹಣ ಕೊಡುವ ಸಂಸ್ಥೆಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಏನ್ರೀ ಮೇಡಂ, ಹೋದ ಸಲ ಝೀರೋ ಬಂದಿತ್ತು ಅಂತ ನೀವೇ ವರದಿಲಿ ಬರೆದಿದೀರಿ. ಈಗ ಕೇಂದ್ರ ಇರೋ ಕಡೆ ಹೆಚ್ಚು ತಾಯಂದಿರು ವಾಪಸ್ ಹೋಗಿದಾರೆ, ಇಲ್ಲದ ಕಡೆ ಮನೇಲಿ ಕೂತಿದಾರೆ ಅಂತೀರಿ. ಯಾವುದನ್ನ ನಂಬೋದು?"

"ಹೋದ ಸಲ ನಾವು ಮನೆ ಮಾಲೀಕರನ್ನ ಕೇಳಿದ್ವಿ ಸರ್," ಎಂದರು ಮಾಲತಿ. "ಈ ಸಲ ತಾಯಂದಿರನ್ನ."

ತೆರೆಯ ಮೇಲೆ ಅವರ ತಲೆ ನಿಂತಲ್ಲೇ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಕೈಮುಗಿದು ಕೂತೆ. ಆಮೇಲೆ ಅವರ ತಲೆ ಆಡಿತು, ಈ ಸಲ ನಿಜವಾಗಿ. ಉಳಿದ ಎಲ್ಲ ಬೀದಿಗಳಿಗೂ ಕೂಡಲೇ ಶುರು ಮಾಡಿ ಎಂದರು. ಜಯಮ್ಮನ ವಠಾರದ ಖಾಲಿ ಕೋಣೆಯೊಂದರ ಬೀಗ ಮನೆ ಕೇಂದ್ರಕ್ಕಾಗಿ ಆ ವಾರವೇ ತೆರೆಯಿತು. ಸುಣ್ಣ ಜಯಮ್ಮನೇ ಹೊಡೆಸಿಕೊಟ್ಟರು. ಪ್ರತಿಯಾಗಿ ಮಕ್ಕಳು ತಮ್ಮನ್ನು ಓನರಮ್ಮ ಎನ್ನದೆ ಅಜ್ಜಿ ಎನ್ನಬೇಕೆಂದು ಕರಾರು ಹಾಕಿದರು.

ಕೆಲವು ವಾರಗಳ ನಂತರ ಮುಂದಿನ ಸುತ್ತು ಶುರುವಾಯಿತು. ತೊಟ್ಟಿಯ ಹೊತ್ತಿಗೆ ರೇಣುಕಾಳ ಮಿಸ್ಡ್ ಕಾಲ್ ಬರಲಿಲ್ಲ. ನಸ್ರೀನ್ ತಾನೇ ಮಾಡಿದಳು, ಎತ್ತಲಿಲ್ಲ. ಮಧ್ಯಾಹ್ನವೂ ಇಲ್ಲ. "ಮಷಿನ್ ಬೇರೆಯವರಿಗೆ ಕೊಟ್ಟುಬಿಟ್ಟಿರ್ತಾರೆ ಸರ್. ಊರಿಗೇ ಹೋಗಿಬಿಟ್ಟಳೋ ಏನೋ," ಎಂದು ಪೆಚ್ಚಾದಳು. ನಾನು ಏನೋ ಸಮಾಧಾನ ಹೇಳಿದೆ, ನನಗೇ ನಾಟಲಿಲ್ಲ.

ಸಂಜೆ ಫೋನ್ ಒಮ್ಮೆ ಹೊಡೆದುಕೊಂಡು ನಿಂತಿತು. ನಸ್ರೀನ್ ನನ್ನನ್ನೂ ಲೈನಿಗೆ ಸೇರಿಸಿಕೊಂಡು ವಾಪಸ್ ಮಾಡಿದಳು. ಆ ಕಡೆ ಬಸ್ಸಿನ ಹಾರ್ನು, ಹತ್ತಾರು ಹೆಂಗಸರ ನಗು, ಏದುಸಿರು.

"ಫ್ಯಾಕ್ಟ್ರ್ಯಾಗ ಲೈನ್ ಮ್ಯಾಲಿದ್ದೆ ಅಕ್ಕಾರ! ಒಳಗ ಫೋನ್ ಬಿಡಂಗಿಲ್ರಿ. ಈಗ ಬಿಟ್ರು. ಪವನ್‌ನ ಕರ್ಕೊಳ್ಳಾಕ ಹೊಂಟೀನಿ, ನಡ್ಕೋತ ಮಾತಾಡ್ತೀನಿ, ಕೇಳ್ರಿ ಲಗೂನ."

ಉತ್ತರ ಗೊತ್ತಿದ್ದರೂ ಪ್ರಶ್ನೆಯನ್ನು ಬರೆದಂತೆಯೇ ಓದಬೇಕು. ನಸ್ರೀನ್ ಓದಿದಳು.

"ಕಳೆದ ವಾರದಲ್ಲಿ ನೀವು ಸಂಬಳಕ್ಕಾಗಿ ಕೆಲಸ ಮಾಡಿದ್ದೀರಾ? ಹೌದು ಅಥವಾ ಇಲ್ಲ."

"ಈಗರ ಹೇಳಿದ್ನಲ್ರೀ ಯಕ್ಕಾ! ಹೌದ್ರೀ, ಹೌದು!"

ಉತ್ತರ ಏನೇ ಬರಲಿ, ಸಮೀಕ್ಷೆಯವರು ಹಿಗ್ಗನ್ನಾಗಲಿ ದುಃಖವನ್ನಾಗಲಿ ತೋರಿಸಕೂಡದು ಎಂಬ ನಿಯಮವನ್ನು ತರಬೇತಿ ಕೈಪಿಡಿಗೆ ಬರೆದವನು ನಾನೇ. ಹಾಗಾಗಿ ನನ್ನ ಫೋನನ್ನು ಮ್ಯೂಟ್ ಮಾಡಿಕೊಂಡು, ಯಲಹಂಕದ ಮಹಡಿಯ ಮೇಲೆ ಒಬ್ಬನೇ ನಿಂತು, ಕೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದೆ.